ಧಣಿ ಯಾರು?



ಈ ಹೊತ್ತಿನಲ್ಲಿ ರೇಡಿಯೊ ಹಾಕಿಕೊಂಡು ಕೂತವರಲ್ಲಿ ಕೆಲವರ ಮಡಿಲಲ್ಲಾದರೂ ತಡ್ಪೆ, ಅಂದರೆ ಮೊರ, ಇರುತ್ತದೆ ಎಂದು ನನಗೆ ಗೊತ್ತು. ತಡ್ಪೆಯ ಒಂದು ಬದಿಯಲ್ಲಿ ಕತ್ತರಿಸಿದ ಎಲೆ, ನಡುವೆ ಹೊಗೆಸೊಪ್ಪಿನ ಪುಡಿ, ಮೂಲೆಯಲ್ಲಿ ನೂಲಿನ ಉಂಡೆ. ಬೀಡಿ ಕಟ್ಟುವವರಿಗೆ ಕಣ್ಣು, ಕೈ ಎರಡೂ ತಡ್ಪೆಯಲ್ಲೇ. ಕಿವಿ ಮಾತ್ರ ಖಾಲಿ. ಪುತ್ತೂರು, ಸುಳ್ಯ, ಕಡಬದ ಎಷ್ಟೋ ಮನೆಗಳ ಜಗಲಿಗೆ ರೇಡಿಯೊ ಬಂದದ್ದು ಆ ಖಾಲಿ ಕಿವಿಗೆ ಜೊತೆಯಾಗಿ. ನಮ್ಮ ಮನೆಗೂ ಹಾಗೆಯೇ ಬಂತು. ಪ್ರದೇಶ ಸಮಾಚಾರಕ್ಕೆ ಮೊದಲು ಇಷ್ಟು, ಚಿತ್ರಗೀತೆ ಮುಗಿಯುವಾಗ ಇಷ್ಟು ಎಂದು ಅಮ್ಮ ಕಟ್ಟುಗಳನ್ನು ಎಣಿಸುತ್ತಿದ್ದಳು. ಗಡಿಯಾರ ನಮ್ಮಲ್ಲಿ ಇರಲಿಲ್ಲ.

ನಾನು ಎಂಟನೇ ತರಗತಿಯಲ್ಲಿದ್ದಾಗ ಬೀಡಿ ಕಾರ್ಮಿಕರ ಮಕ್ಕಳಿಗೆ ಕೊಡುವ ವಿದ್ಯಾರ್ಥಿವೇತನದ ಅರ್ಜಿ ಶಾಲೆಗೆ ಬಂತು. ಅದರಲ್ಲೊಂದು ಕಡೆ ‘ಉದ್ಯೋಗದಾತರ ಹೆಸರು’ ಎಂದಿತ್ತು. ಹಾಗೆಂದರೆ ಧಣಿಯ ಹೆಸರು ಎಂದು ಮೇಷ್ಟ್ರು ಬಿಡಿಸಿ ಹೇಳಿದರು. ಅಮ್ಮನನ್ನು ಕೇಳಿದೆ. “ಬ್ರಾಂಚಿನವರ ಹೆಸರು ಬರೆ” ಅಂದಳು. ಬರೆದುಕೊಂಡು, ಅಮ್ಮ ಕಟ್ಟಿದ ಬೀಡಿ ಕೊಡುವ ಬ್ರಾಂಚಿಗೆ ಹೋದೆ. ಅವರು ಅರ್ಜಿ ಓದಿ ನಕ್ಕುಬಿಟ್ಟರು. “ನಾನು ಯಾವ ಸೀಮೆಯ ಧಣಿ ಮಾರಾಯ! ನಿನ್ನ ಅಮ್ಮನಿಗೆ ಸಾವಿರಕ್ಕೆ ಇಷ್ಟು ಮಜೂರಿ, ನನಗೆ ಸಾವಿರಕ್ಕೆ ಇಷ್ಟು ಕಮಿಷನ್. ಅಷ್ಟೇ ವ್ಯತ್ಯಾಸ.” ಹಾಗಾದರೆ ಧಣಿ ಯಾರು ಎಂದು ಕೇಳಿದೆ. “ಕಂಪೆನಿ” ಅಂದರು. ಕಂಪೆನಿ ಎಂದರೆ ಯಾರು? ಅವರು ಮೇಜಿನ ಮೇಲಿದ್ದ ಒಂದು ಕಟ್ಟು ಎತ್ತಿ, ಅದಕ್ಕೆ ಅಂಟಿಸುವ ಲೇಬಲಿನ ಚಿತ್ರ ತೋರಿಸಿದರು.

ನಮ್ಮ ಊರುಗಳಲ್ಲಿ ಧಣಿ ಎಂಬುದು ಸಣ್ಣ ಮಾತಲ್ಲ. ಧಣಿಗೆ ಮುಖ ಇರುತ್ತದೆ, ಮನೆ ಇರುತ್ತದೆ, ಚಾವಡಿ ಇರುತ್ತದೆ. ಬೈಯುವುದಿದ್ದರೆ ಬೆನ್ನ ಹಿಂದೆ ಬೈಯಬಹುದು, ಕೇಳುವುದಿದ್ದರೆ ಅಂಗಳದಲ್ಲಿ ನಿಂತು ಕೇಳಬಹುದು. ಬೀಡಿಯ ಧಣಿಗೆ ಲೇಬಲಿನ ಮೇಲಿನ ಚಿತ್ರ ಬಿಟ್ಟರೆ ಬೇರೆ ಮುಖವೇ ಇರಲಿಲ್ಲ. ಮುಂದೆ ನಾನು ಕಾನೂನು ಓದಿ ಪುತ್ತೂರಿನ ನ್ಯಾಯಾಲಯಕ್ಕೆ ಕಪ್ಪು ಕೋಟು ಹಾಕಿಕೊಂಡು ಹೋಗತೊಡಗಿದ ಮೇಲೆ ತಿಳಿದದ್ದು ಏನೆಂದರೆ, ನಾನು ಎಂಟನೇ ತರಗತಿಯಲ್ಲಿ ಕೇಳಿದ ಆ ಪ್ರಶ್ನೆಯನ್ನು ದೇಶದ ಸರ್ವೋಚ್ಚ ನ್ಯಾಯಾಲಯ ಹತ್ತಿರಹತ್ತಿರ ಮೂವತ್ತು ವರ್ಷ ಕೇಳಿದೆ. ಕೇಳಿ, ಒಮ್ಮೆ ಹೀಗೆ, ಒಮ್ಮೆ ಹಾಗೆ ಉತ್ತರ ಕೊಟ್ಟಿದೆ. ಈ ಹೊತ್ತು ನಾನು ಹೇಳುವುದು ಆ ಕಥೆಯನ್ನು.

ಮೊದಲು ವ್ಯವಹಾರ ಹೇಗೆ ನಡೆಯುತ್ತದೆಂದು ಹೇಳಬೇಕು, ಬೀಡಿ ಕಟ್ಟದವರಿಗಾಗಿ. ಎಲೆ ನಮ್ಮ ಕಾಡಿನದ್ದಲ್ಲ. ಮಧ್ಯಪ್ರದೇಶ, ಛತ್ತೀಸ್‌ಗಢ, ಒಡಿಶಾ ಕಡೆಯ ತೆಂದು ಎಲೆ. ಹೊಗೆಸೊಪ್ಪು ನಿಪ್ಪಾಣಿಯಿಂದ, ಗುಜರಾತಿನಿಂದ. ಇವೆಲ್ಲ ಮಂಗಳೂರಿನ ಕಂಪೆನಿಗೆ ಬಂದು, ಅಲ್ಲಿಂದ ಕಂಟ್ರಾಕ್ಟರರ ಬ್ರಾಂಚುಗಳಿಗೆ ಹಂಚಿಹೋಗಿ, ಬ್ರಾಂಚಿನಿಂದ ಹೆಂಗಸರ ಕೈಚೀಲದಲ್ಲಿ ಮನೆಗೆ ಬರುತ್ತವೆ. ರಾತ್ರಿ ಎಲೆ ನೆನೆಹಾಕಬೇಕು, ನೀರು ಬಸಿದು ಒದ್ದೆಬಟ್ಟೆಯಲ್ಲಿ ಸುತ್ತಿಡಬೇಕು, ಬೆಳಿಗ್ಗೆ ಅಳತೆಗೆ ಕತ್ತರಿಸಬೇಕು. ಆಮೇಲೆ ಸುರುಟುವುದು, ತಲೆ ಮಡಚುವುದು, ನೂಲು ಸುತ್ತುವುದು. ಬೀಡಿಯಾಗಿ ಅದೇ ದಾರಿಯಲ್ಲಿ ವಾಪಸು. ಕಂಪೆನಿಯವರು ಕಾಗದದ ಮೇಲೆ ಈ ಲೆಕ್ಕ ಹೇಗೆ ಬರೆದಿದ್ದರು ಗೊತ್ತೆ? ನಾವು ಕಂಟ್ರಾಕ್ಟರನಿಗೆ ಎಲೆ, ಹೊಗೆಸೊಪ್ಪು ಮಾರುತ್ತೇವೆ. ಅವನು ಬೀಡಿ ತಯಾರಿಸಿ ನಮಗೆ ಮಾರುತ್ತಾನೆ. ನಡುವೆ ಯಾರು ಸುರುಟಿದರೋ ನಮಗೆ ಗೊತ್ತಿಲ್ಲ. ಕಂಟ್ರಾಕ್ಟರನೋ, ನಮ್ಮ ಬ್ರಾಂಚಿನವರ ಹಾಗೆ, ನಾನು ಯಾವ ಧಣಿ ಎನ್ನುವವನು. ಒಟ್ಟಿನಲ್ಲಿ ಕೋಟಿಗಟ್ಟಲೆ ಬೀಡಿ ಹುಟ್ಟುತ್ತಿತ್ತು, ಕೆಲಸಕ್ಕೆ ಇಟ್ಟುಕೊಂಡವರು ಮಾತ್ರ ಯಾರೂ ಇರಲಿಲ್ಲ.

ನ್ಯಾಯಾಲಯದ ಮುಂದೆ ಈ ಆಟ ಮೊದಮೊದಲು ನಡೆಯಿತು. 1958ರಲ್ಲಿ ಚಿಂತಾಮಣ ರಾವ್ ಎಂಬ ಪ್ರಕರಣ, ಮಧ್ಯಪ್ರದೇಶದ್ದು. ಅಲ್ಲಿ ನಮ್ಮ ಕಂಟ್ರಾಕ್ಟರನಂಥವನಿಗೆ ಸಟ್ಟೇದಾರ ಎನ್ನುತ್ತಾರೆ. ಸಟ್ಟೇದಾರ ಸ್ವತಂತ್ರ ವ್ಯಾಪಾರಿ, ಅವನಾಗಲಿ ಅವನ ಆಳುಗಳಾಗಲಿ ಕಾರ್ಖಾನೆಯ ಕಾರ್ಮಿಕರಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. ಮುಂದೆ ನಾಗಪುರದ ಬಿರ್ದಿಚಂದ್ ಶರ್ಮಾ ಪ್ರಕರಣದಲ್ಲಿ, ಕಾರ್ಖಾನೆಯೊಳಗೆ ಕೂತು ಬೀಡಿ ಕಟ್ಟುವವರು, ಯಾವಾಗ ಬೇಕಾದರೂ ಎದ್ದುಹೋಗುವ ಸ್ವಾತಂತ್ರ್ಯ ಅವರಿಗಿದ್ದರೂ, ಕಾರ್ಮಿಕರೇ ಎಂದಿತು. ಅವರಿಗೆ ಸಂಬಳ ಸಹಿತ ರಜೆ ಸಿಕ್ಕಿತು. ಸರಿ, ಇನ್ನು ತೊಂದರೆಯಿಲ್ಲ ಎಂದುಕೊಳ್ಳುವಷ್ಟರಲ್ಲಿ, ಕೆಲವೇ ತಿಂಗಳಲ್ಲಿ ಶಂಕರ ಬಾಲಾಜಿ ವಾಜೆ ಪ್ರಕರಣ ಬಂತು. ಮಹಾರಾಷ್ಟ್ರದ ಒಬ್ಬ ಬೀಡಿ ಕಾರ್ಮಿಕನ ರಜಾ ಸಂಬಳದ ಪ್ರಶ್ನೆ, ಇದ್ದದ್ದು ಕೆಲವು ರೂಪಾಯಿಯ ವಿಷಯ. ಅವನು ಬೇಕಾದಾಗ ಬರುತ್ತಾನೆ, ಬೇಕಾದಾಗ ಹೋಗುತ್ತಾನೆ, ಆದ್ದರಿಂದ ಕಾರ್ಮಿಕನಲ್ಲ ಎಂದು ಬಹುಮತದ ತೀರ್ಪಾಯಿತು. ನ್ಯಾಯಮೂರ್ತಿ ಸುಬ್ಬರಾವ್ ಒಪ್ಪದೆ ಬೇರೆ ತೀರ್ಪು ಬರೆದರು. ಸ್ವಾರಸ್ಯವೆಂದರೆ, 1958ರಲ್ಲಿ ಸಟ್ಟೇದಾರರ ಆಳುಗಳು ಕಾರ್ಮಿಕರಲ್ಲ ಎಂದು ಬರೆದವರೂ ಇದೇ ಸುಬ್ಬರಾವ್. ನ್ಯಾಯಾಧೀಶರು ಕಲ್ಲಿನ ವಿಗ್ರಹಗಳಲ್ಲ, ಕೇಳುಗರೇ. ಮೂರು ವರ್ಷದಲ್ಲಿ ಅವರ ಮುಂದೆ ಬಂದ ಸಂಗತಿಗಳು ಬೇರೆ, ಅವರು ನೋಡಿದ ಬಗೆಯೂ ಬೇರೆ.

ನಿಜವಾದ ತಿರುವು 1964ರದ್ದು. ಮದ್ರಾಸಿನ ದಿವಾನ್ ಮೊಹಿದೀನ್ ಸಾಹಿಬ್ ಪ್ರಕರಣ. ಅಲ್ಲಿಯೂ ಕಾಗದದಲ್ಲಿ ಇದೇ ಮಾರಾಟ, ಇದೇ ಖರೀದಿ. ನ್ಯಾಯಮೂರ್ತಿ ವಾಂಛೂ ಅವರ ಪೀಠ ಕಾಗದವನ್ನು ಬದಿಗಿಟ್ಟು, ಈ ‘ಸ್ವತಂತ್ರ ಕಂಟ್ರಾಕ್ಟರ’ ಎಂಥ ಮನುಷ್ಯ ಎಂದು ನೋಡಿತು. ಕೈಯಲ್ಲಿ ಕಾಸಿಲ್ಲದವನು, ಕಂಪೆನಿ ಹೇಳಿದಂತೆ ನಡೆಯುವವನು, ಬರುವ ಕಮಿಷನಿನಲ್ಲಿ ಜೀವನ ಸಾಗಿಸುವವನು. ಇವನೆಂಥ ಸ್ವತಂತ್ರ ವ್ಯಾಪಾರಿ? ಕಾರ್ಖಾನೆ ಕಾನೂನಿನಿಂದ ತಪ್ಪಿಸಿಕೊಳ್ಳಲು ಮಾಡಿಕೊಂಡ ಏರ್ಪಾಡು ಇದು, ಬೀಡಿ ಕಟ್ಟುವವರು ಕಂಪೆನಿಯ ಕಾರ್ಮಿಕರೇ ಎಂದು ಪೀಠ ಹೇಳಿತು. ಆ ತೀರ್ಪನ್ನು ನಾನು ಮೊದಲ ಸಲ ಓದಿದಾಗ ನಮ್ಮ ಬ್ರಾಂಚಿನವರ ನಗು ನೆನಪಾಯಿತು. ಪಾಪ, ಅವರು ಸುಳ್ಳು ಹೇಳಿರಲಿಲ್ಲ.

ಇಷ್ಟೆಲ್ಲ ಗೊಂದಲ ಆದ ಮೇಲೆ ಸಂಸತ್ತು 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರಿಗೆಂದೇ ಒಂದು ಕಾಯ್ದೆ ಮಾಡಿತು. ಮನೆಯಲ್ಲಿ ಕೂತು ಕಟ್ಟುವವರೂ ಕಾರ್ಮಿಕರು, ಅವರಿಗೂ ಸಂಬಳ ಸಹಿತ ರಜೆ, ಹೆರಿಗೆ ಭತ್ಯೆ, ಕಾರಣವಿಲ್ಲದೆ ಕೆಲಸದಿಂದ ತೆಗೆಯುವಂತಿಲ್ಲ. ನ್ಯಾಯಾಲಯದಲ್ಲಿ ಕಾರ್ಮಿಕರು ಸೋತ ಮೊಕದ್ದಮೆಗಳೇ ಒಂದು ರೀತಿಯಲ್ಲಿ ಈ ಕಾಯ್ದೆಯ ಕರಡು ಬರೆದವು ಎಂದು ನಾನು ಭಾವಿಸುತ್ತೇನೆ. ಎಲ್ಲೆಲ್ಲಿ ತೂತಿದೆಯೆಂದು ಆ ತೀರ್ಪುಗಳು ಬೆರಳಿಟ್ಟು ತೋರಿಸಿದ್ದವು.

ಕಾಯ್ದೆಯಾದ ಕೂಡಲೇ ಏನಾಯಿತು? ಇದಕ್ಕೆ ನಮ್ಮ ಗಡಿಯಾಚೆ ನೋಡಬೇಕು. ಈಶ್ವರಮಂಗಲ ದಾಟಿದರೆ, ಜಾಲ್ಸೂರು ದಾಟಿದರೆ ನಮಗೆ ಕೇರಳ. ಅಲ್ಲಿನ ಸರ್ಕಾರ 1968ರಲ್ಲಿ ಈ ಕಾಯ್ದೆಯನ್ನು ಜಾರಿಗೆ ತರಲು ಹೊರಟಾಗ, ಮಂಗಳೂರಿನ ಗಣೇಶ್ ಬೀಡಿ, ಭಾರತ್ ಬೀಡಿ ಕಂಪೆನಿಗಳು ಕಣ್ಣೂರು ಕಡೆಯ ತಮ್ಮ ಕೆಲಸದ ಶೆಡ್ಡುಗಳನ್ನು ಮುಚ್ಚಿಬಿಟ್ಟವು. ಸುಮಾರು 12,000 ಮಂದಿ ಬೀದಿಗೆ ಬಿದ್ದರು. ಅವರಲ್ಲಿ ಕೆಲವರು ಸೇರಿ 1969ರಲ್ಲಿ ಕಟ್ಟಿದ ಸಹಕಾರ ಸಂಘವೇ ದಿನೇಶ್ ಬೀಡಿ. ಅದೊಂದು ದೊಡ್ಡ ಕಥೆ, ಅದನ್ನು ಇನ್ನೊಮ್ಮೆ ಹೇಳೋಣ. ನಮ್ಮ ಪಾಲಿಗೆ ಮುಖ್ಯವಾದದ್ದು ಇಷ್ಟು: ಶೆಡ್ಡಿನಲ್ಲಿ ನೂರು ಜನ ಒಟ್ಟಿಗೆ ಕೂತರೆ ಸಂಘ ಕಟ್ಟುತ್ತಾರೆ, ಪತ್ರಿಕೆ ಓದಿಸಿ ಕೇಳುತ್ತಾರೆ, ಲೆಕ್ಕ ಕೇಳುತ್ತಾರೆ. ನಮ್ಮ ಕಡೆ ಹಾಗಲ್ಲ. ಗುಡ್ಡದ ಆಚೆಗೊಂದು, ಈಚೆಗೊಂದು ಮನೆ. ನಡುವೆ ತೋಡು, ತೋಟ. ಒಬ್ಬೊಬ್ಬಳೇ ಕೂತು ಕಟ್ಟುತ್ತಾಳೆ. ಬೀಡಿ ಮನೆಮನೆಯ ಕೆಲಸವಾಗಿ ನಮ್ಮಲ್ಲಿ ಬೇರುಬಿಟ್ಟದ್ದಕ್ಕೆ ಈ ಲೆಕ್ಕಾಚಾರವೂ ಒಂದು ಕಾರಣ.

ಕಂಪೆನಿಗಳು ಶೆಡ್ಡು ಮುಚ್ಚಿ ಸುಮ್ಮನಾಗಲಿಲ್ಲ, ನ್ಯಾಯಾಲಯಕ್ಕೂ ಹೋದವು. ಆ ಮೊಕದ್ದಮೆಯ ಹೆಸರನ್ನು ಇಂದಿಗೂ ದೇಶದ ಕಾನೂನು ವಿದ್ಯಾರ್ಥಿಗಳು ಓದುತ್ತಾರೆ: ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಮತ್ತು ಭಾರತ ಸರ್ಕಾರ. ನಮ್ಮ ಊರಿನ ಹೆಸರು ಹೊತ್ತ ಮೊಕದ್ದಮೆ, ನೋಡಿ. ಬೀಡಿ ಉದ್ಯಮ ರಾಜ್ಯದ ವಿಷಯ, ಅದರ ಬಗ್ಗೆ ಕಾಯ್ದೆ ಮಾಡಲು ಸಂಸತ್ತಿಗೆ ಅಧಿಕಾರವಿಲ್ಲ ಎಂಬುದು ಕಂಪೆನಿಗಳ ಒಂದು ವಾದ. ಮನೆಯಲ್ಲಿ ಕಟ್ಟುವವರ ಮೇಲೆ ನಮಗೆ ಹಿಡಿತವೇ ಇಲ್ಲ, ಅವರಿಗೆ ರಜೆ ಕೊಡುವುದು ಹೇಗೆ, ಅವರು ಕೆಲಸ ಮಾಡಿದ ದಿನ ಎಣಿಸುವವರು ಯಾರು ಎಂಬುದು ಇನ್ನೊಂದು. ವ್ಯಾಪಾರದ ಸ್ವಾತಂತ್ರ್ಯಕ್ಕೆ ಇದು ಅಡ್ಡಿ ಎಂಬುದು ಮತ್ತೊಂದು. 1974ರ ಜನವರಿ 31ರಂದು ಮುಖ್ಯ ನ್ಯಾಯಮೂರ್ತಿ ಎ.ಎನ್. ರೇ ಅವರ ಪೀಠ ತೀರ್ಪು ಕೊಟ್ಟಿತು. ಈ ಕಾಯ್ದೆ ಉದ್ಯಮವನ್ನು ಹಿಡಿಯಲು ಹುಟ್ಟಿದ್ದಲ್ಲ, ಕಾರ್ಮಿಕರ ಕ್ಷೇಮಕ್ಕೆ ಹುಟ್ಟಿದ್ದು. ಅದು ಸಂಸತ್ತಿನ ಅಧಿಕಾರದೊಳಗೇ ಇದೆ. ಯಾರ ಪರವಾಗಿ ಬೀಡಿ ಕಟ್ಟಿಸಲಾಗುತ್ತದೆಯೋ, ಎಲ್ಲದರ ಮೇಲೆ ಕೊನೆಯ ಹಿಡಿತ ಯಾರದ್ದೋ, ಅವನೇ ಮುಖ್ಯ ಉದ್ಯೋಗದಾತ. ಮನೆಯಲ್ಲಿ ಕೂತವಳಿಗೂ ರಜೆಯ ಸಂಬಳ ಸಲ್ಲಬೇಕು.

ಇಲ್ಲಿ ಒಂದು ಅಡ್ಡಮಾತು. ಅದೇ 1974ರ ಮಾರ್ಚ್ 1ರಂದು ಕರ್ನಾಟಕದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂತು. ಗೇಣಿ ಹೋಯಿತು, ಉಳುವವನು ಒಡೆಯನಾದ. ಅದಕ್ಕಾಗಿ ಗೇಣಿದಾರರು ಕೊಟ್ಟ ಅರ್ಜಿಯನ್ನು ನಮ್ಮ ಜಿಲ್ಲೆಯಲ್ಲಿ ಈಗಲೂ ‘ಡಿಕ್ಲರೇಶನ್’ ಎನ್ನುತ್ತಾರೆ. ನಮ್ಮ ಅಜ್ಜನೂ ಒಂದು ಡಿಕ್ಲರೇಶನ್ ಕೊಟ್ಟವರು. ಆ ಅರ್ಜಿ ತೀರ್ಮಾನಿಸುವ ಆಗಿನ ಭೂನ್ಯಾಯ ಮಂಡಳಿಯ ಮುಂದೆ ವಕೀಲರು ಬರುವಂತಿರಲಿಲ್ಲ, ಕಾಯ್ದೆಯಲ್ಲೇ ಹಾಗೆ ಬರೆದಿತ್ತು. ಆ ಕಟ್ಟನ್ನು ಸುಪ್ರೀಂ ಕೋರ್ಟು ತೆಗೆದುಹಾಕಿದ್ದು 1987ರಲ್ಲಿ. ವಕೀಲನಾದ ನನಗೆ ಹೀಗೆ ಹೇಳಲು ಸ್ವಲ್ಪ ಸಂಕೋಚ, ಆದರೂ ಹೇಳುತ್ತೇನೆ: ನಮ್ಮಂಥವರು ಇಲ್ಲದೆ ಅಜ್ಜನ ಕೆಲಸ ಬೇಗ ಆಯಿತು. ಇರಲಿ. ಒಂದೇ ತಿಂಗಳ ಅಂತರದಲ್ಲಿ ನಮ್ಮಂಥ ಮನೆಗಳಲ್ಲಿ ಎರಡು ಸಂಗತಿಯಾದವು. ಮುಖವಿದ್ದ ಭೂಮಿಯ ಧಣಿ ಕಾನೂನಿನಲ್ಲಿ ಇಲ್ಲವಾದ; ಮುಖವಿಲ್ಲದ ಬೀಡಿಯ ಧಣಿ ಕಾನೂನಿನಲ್ಲಿ ಮೂಡಿದ. ಮೊದಲನೆಯದು ಊರಿಗೆಲ್ಲ ಗೊತ್ತಾಯಿತು. ಎರಡನೆಯದು ಅಮ್ಮನಿಗೆ ಗೊತ್ತಾಗಲೇ ಇಲ್ಲ.

ಗೊತ್ತಾದದ್ದು ಪಿ.ಎಫ್. ಬಂದಾಗ. ಕೇಂದ್ರ ಸರ್ಕಾರ 1977ರಲ್ಲಿ ಭವಿಷ್ಯನಿಧಿ ಕಾಯ್ದೆಯನ್ನು ಬೀಡಿ ಉದ್ಯಮಕ್ಕೂ ಅನ್ವಯಿಸಿತು. ಮತ್ತೆ ಅದೇ ರಾಗ: ಮನೆಯಲ್ಲಿ ಕಟ್ಟುವವರು ನಮ್ಮ ನೌಕರರಲ್ಲ. ಪಿ.ಎಂ. ಪಟೇಲ್ ಆ್ಯಂಡ್ ಸನ್ಸ್ ಎಂಬವರ ಹೆಸರಿನ ಮೊಕದ್ದಮೆಯಾಗಿ ಅದು ಸುಪ್ರೀಂ ಕೋರ್ಟಿನಲ್ಲಿ 1985ರಲ್ಲಿ ತೀರ್ಮಾನವಾಯಿತು. ತೀರ್ಪು ಬರೆದವರು ನ್ಯಾಯಮೂರ್ತಿ ಆರ್.ಎಸ್. ಪಾಠಕ್. ನನ್ನ ಲೆಕ್ಕದಲ್ಲಿ ಈ ಸರಣಿಯಲ್ಲೇ ಹೆಚ್ಚು ಸೂಕ್ಷ್ಮವಾದ ತೀರ್ಪು ಇದು, ಆದ್ದರಿಂದ ಸ್ವಲ್ಪ ನಿಂತು ಹೇಳುತ್ತೇನೆ.

ಒಬ್ಬಳನ್ನು ನೌಕರಳು ಎನ್ನಬೇಕಾದರೆ ಅವಳ ಕೆಲಸದ ಮೇಲೆ ಇನ್ನೊಬ್ಬರ ಹಿಡಿತ ಇರಬೇಕು ಎಂಬುದು ಹಳೆಯ ಕಾನೂನು. ಕಾರ್ಖಾನೆಯಲ್ಲಿ ಆ ಹಿಡಿತ ಕಣ್ಣಿಗೆ ಕಾಣುತ್ತದೆ: ಸೈರನ್ ಇದೆ, ಹಾಜರಿ ಪುಸ್ತಕ ಇದೆ, ಮೇಸ್ತ್ರಿ ಇದ್ದಾನೆ. ಮನೆಯ ಜಗಲಿಯಲ್ಲಿ ಬೀಡಿ ಕಟ್ಟುವವಳ ಹತ್ತಿರ ಯಾವ ಮೇಸ್ತ್ರಿಯೂ ನಿಂತಿರುವುದಿಲ್ಲ. ಅವಳು ಅನ್ನಕ್ಕೆ ಇಟ್ಟು ಬಂದು ಕೂರಬಹುದು, ದನ ಕಟ್ಟಿ ಬಂದು ಕೂರಬಹುದು, ರಾತ್ರಿ ಹನ್ನೊಂದಕ್ಕೆ ಕೂರಬಹುದು. ಹಾಗಾದರೆ ಹಿಡಿತ ಎಲ್ಲಿದೆ? ತೀರ್ಪು ಹೇಳಿತು: ಬೀಡಿ ಕಟ್ಟುವುದು ಸರಳ ಕೆಲಸ, ಅದಕ್ಕೆ ಹಗಲೆಲ್ಲ ಕಾವಲು ಬೇಕಿಲ್ಲ, ಕಟ್ಟಿ ತಂದ ಬೀಡಿಯನ್ನು ಸರಿಯಿಲ್ಲ ಎಂದು ತಿರಸ್ಕರಿಸುವ ಹಕ್ಕು ಕಂಪೆನಿಯ ಕಡೆಯವರಿಗೆ ಇದೆಯಲ್ಲ, ಹಿಡಿತ ಇರುವುದು ಅಲ್ಲಿ.

ಬ್ರಾಂಚಿಗೆ ಹೋಗಿ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಾಲಿನಲ್ಲಿ ನಿಂತು ನಿಮ್ಮ ಸರದಿ ಬರುತ್ತದೆ. ಅವರು ಒಂದು ಕಟ್ಟು ಎತ್ತಿ ಅಂಗೈಯಲ್ಲಿ ಒತ್ತಿ ನೋಡುತ್ತಾರೆ. ಒಂದೆರಡು ಬೀಡಿಯ ತಲೆಗೆ ಉಗುರು ತಾಗಿಸುತ್ತಾರೆ. ಮಾತಿಲ್ಲ. ಕೆಲವು ಕಟ್ಟು ಈ ಕಡೆಗೆ, ಕೆಲವು ಆ ಕಡೆಗೆ. ಆ ಕಡೆಗೆ ಹೋದದ್ದಕ್ಕೆ ಮಜೂರಿ ಇಲ್ಲ, ಆದರೆ ಅದನ್ನು ವಾಪಸು ಮನೆಗೆ ಒಯ್ಯುವಂತೆಯೂ ಇಲ್ಲ. ಎಲೆ ಕೊಟ್ಟದ್ದೇ ಹರಕು, ಅದರಲ್ಲಿ ಸಾವಿರ ಆಗಲಿಲ್ಲವೆಂದರೆ ಕಡಮೆ ಬಿದ್ದದ್ದಕ್ಕೆ ಅಂಗಡಿಯ ಎಲೆ ಕ್ರಯಕ್ಕೆ ತಂದು ಸರಿಮಾಡಬೇಕು. ಅಮ್ಮ ಬ್ರಾಂಚಿನಿಂದ ಬಂದ ಸಂಜೆ ಅವಳ ಮುಖ ನೋಡಿಯೇ ಎಷ್ಟು ಕಟ್ಟು ಆ ಕಡೆಗೆ ಹೋಗಿದೆ ಎಂದು ನಾವು ಮಕ್ಕಳು ಹೇಳುತ್ತಿದ್ದೆವು. ನಮಗೆ ಆಗ ಅದು ಅವಮಾನ ಮಾತ್ರ. ದಿಲ್ಲಿಯ ನ್ಯಾಯಾಧೀಶರೊಬ್ಬರು ಅದೇ ಅವಮಾನದೊಳಗಿಂದ ಅವಳ ಹಕ್ಕನ್ನು ಹೆಕ್ಕಿ ತೆಗೆದರು: ನಿನ್ನ ಬೀಡಿಯನ್ನು ಬದಿಗೆ ಸರಿಸಲು ಆ ಕೈಗೆ ಅಧಿಕಾರ ಇದ್ದರೆ, ನಿನ್ನ ಭವಿಷ್ಯನಿಧಿಗೆ ದುಡ್ಡು ಹಾಕುವ ಹೊಣೆಯೂ ಆ ಕೈಯದ್ದೇ. ತಿರಸ್ಕಾರಕ್ಕೂ ಮಿತಿ ಇದೆ ಎಂಬುದನ್ನು 1966ರ ಕಾಯ್ದೆಯಡಿಯ ನಿಯಮಾವಳಿಗಳು ಮೊದಲೇ ಬರೆದಿದ್ದವು. ಮಹಾರಾಷ್ಟ್ರದ ನಿಯಮದಲ್ಲಿ, ಸಾಮಾನ್ಯವಾಗಿ ನೂರಕ್ಕೆ ಐದಕ್ಕಿಂತ ಹೆಚ್ಚು ತಿರಸ್ಕರಿಸುವಂತಿರಲಿಲ್ಲ. ಬೇಕೆಂದೇ ಮಾಡಿದ ತಪ್ಪಲ್ಲದಿದ್ದರೆ ತಿರಸ್ಕರಿಸಿದ್ದಕ್ಕೂ ಅರ್ಧ ಮಜೂರಿ ಕೊಡಬೇಕಿತ್ತು.

ಇದರಿಂದ ನಮ್ಮ ಮೂರು ತಾಲ್ಲೂಕುಗಳಲ್ಲಿ ಏನಾಯಿತು ಎಂದು ಕೇಳಿದರೆ, ಮನೆಗಳ ಮಾಡು ನೋಡಿ ಎನ್ನುತ್ತೇನೆ. ಮುಳಿಹುಲ್ಲು ಹೋಗಿ ಹೆಂಚು ಬಂದದ್ದರಲ್ಲಿ ಅಡಿಕೆಯ ಪಾಲಿದೆ, ಮುಂಬಯಿ ಹೋಟೆಲಿನ ಪಾಲಿದೆ, ಗಲ್ಫಿನ ಪಾಲಿದೆ, ಬೀಡಿಯ ಪಿ.ಎಫ್.ನ ಪಾಲೂ ಇದೆ. ಮಗಳ ಮದುವೆಗೆ, ಮಗನ ಕಾಲೇಜಿಗೆ ಅಲ್ಲಿಂದ ಮುಂಗಡ ತೆಗೆದವರು ಎಷ್ಟೋ ಮಂದಿ. ನನ್ನ ಕಾನೂನು ಓದಿನ ಶುಲ್ಕವೂ ಅಲ್ಲಿಂದಲೇ ಬಂತು.

ಆದರೆ ತೀರ್ಪು ಎಷ್ಟೇ ದೊಡ್ಡದಿರಲಿ, ಅದು ಕೊನೆಗೆ ಬಂದು ನಿಲ್ಲುವುದು ಬ್ರಾಂಚಿನ ಪುಸ್ತಕದ ಒಂದು ಗೆರೆಯಲ್ಲಿ. ಒಂದೇ ಮನೆಯಲ್ಲಿ ತಾಯಿ, ಇಬ್ಬರು ಹೆಣ್ಣುಮಕ್ಕಳು ಕಟ್ಟುತ್ತಾರೆ, ಪುಸ್ತಕ ಇರುವುದು ಒಬ್ಬರ ಹೆಸರಲ್ಲಿ. ಅತ್ತೆಯ ಹೆಸರಿನ ಪುಸ್ತಕದಲ್ಲಿ ಸೊಸೆ ಇಪ್ಪತ್ತು ವರ್ಷ ಕಟ್ಟುತ್ತಾಳೆ. ಅತ್ತೆ ತೀರಿಕೊಂಡ ದಿನ ಆ ಇಪ್ಪತ್ತು ವರ್ಷವೂ ತೀರಿಹೋಗುತ್ತದೆ. ನನ್ನಲ್ಲಿಗೆ ಬಂದ ಒಬ್ಬರು ಅಕ್ಕ ಮೂವತ್ತು ವರ್ಷ ಬೀಡಿ ಕಟ್ಟಿದವರು. ವಾರಕ್ಕೆ ಆರು ದಿನ ಕಟ್ಟಿದ್ದರೂ ಪುಸ್ತಕದಲ್ಲಿ ಕೆಲವು ತಿಂಗಳು ಹತ್ತು ದಿನ ಮಾತ್ರ ಕಾಣುತ್ತಿತ್ತು. ಉಳಿದ ದಿನದ ಬೀಡಿ ಯಾರ ಹೆಸರಿಗೆ ಹೋಯಿತೋ! ಅವರ ಹೆಸರು ಪಿ.ಎಫ್. ಪುಸ್ತಕದಲ್ಲಿ ಒಂದು ಬಗೆ, ಆಧಾರ್ ಕಾರ್ಡಿನಲ್ಲಿ ಇನ್ನೊಂದು ಬಗೆ. ಮದುವೆಗೆ ಮೊದಲು ಒಂದು ಮನೆಹೆಸರು, ಆಮೇಲೆ ಒಂದು. ಹುಟ್ಟಿದ ತಾರೀಕು ಶಾಲೆಯ ಮೇಷ್ಟ್ರು ಅಂದಾಜಿಗೆ ಬರೆದದ್ದು. ಇಷ್ಟನ್ನು ಸರಿಪಡಿಸಲು ಅವರು ಸುಳ್ಯದ ಒಳಗಿನ ಹಳ್ಳಿಯಿಂದ ಮಂಗಳೂರಿನ ಕಚೇರಿಗೆ ನಾಲ್ಕು ಸಲ ಬಸ್ಸು ಹತ್ತಿದರು. ಕೊನೆಗೆ ಪಿಂಚಣಿ ಬಂತು, ತಿಂಗಳಿಗೆ 1,000 ರೂಪಾಯಿ. 2014ರಲ್ಲಿ ನಿಗದಿಯಾದ ಕನಿಷ್ಠ ಪಿಂಚಣಿ ಅದು. ದಿಲ್ಲಿಯ ನ್ಯಾಯಾಲಯದಲ್ಲಿ ಗೆದ್ದ ಹಕ್ಕಿನ ಇಂದಿನ ಕ್ರಯ, ಹೆಚ್ಚಿನವರ ಕೈಯಲ್ಲಿ, ಇಷ್ಟೇ.

ಧಣಿ ಯಾರು ಎಂಬ ಪ್ರಶ್ನೆ ಬೀಡಿಗೆ ಮುಗಿಯುವುದಿಲ್ಲ. ಸುಳ್ಯ, ಪುತ್ತೂರು ಕಡೆಯ ಕಾಡಂಚಿನ ರಬ್ಬರ್ ತೋಟಗಳಲ್ಲಿ ಬೆಳಗಿನ ಜಾವ ತಲೆದೀಪ ಕಟ್ಟಿಕೊಂಡು ಟ್ಯಾಪಿಂಗಿಗೆ ಹೋಗುವ ತಮಿಳು ಕುಟುಂಬಗಳಿವೆ. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ಮೇರೆಗೆ ಸಿಲೋನಿನ ಚಹಾತೋಟಗಳಿಂದ ಬಂದವರು, ಅವರ ಮಕ್ಕಳು, ಮೊಮ್ಮಕ್ಕಳು. ಅವರ ಧಣಿ ಯಾರೆಂಬ ಬಗ್ಗೆ ಸಂಶಯವೇ ಇಲ್ಲ, ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮ. ಧಣಿ ಸರ್ಕಾರದ ಕಡೆಯವನಾದರೆ ಬೇರೆ ತೊಡಕು ಬರುತ್ತದೆ. ಸರ್ಕಾರದ ಇಲಾಖೆಗಳಲ್ಲಿ ದಿನಗೂಲಿಯಾಗಿ ವರ್ಷಗಟ್ಟಲೆ ದುಡಿದವರನ್ನು ಖಾಯಂ ಮಾಡಬೇಕೇ ಎಂಬ ಪ್ರಶ್ನೆ ನಮ್ಮ ರಾಜ್ಯದ ಉಮಾದೇವಿ ಪ್ರಕರಣದಲ್ಲಿ 2006ರ ಏಪ್ರಿಲ್ 10ರಂದು ತೀರ್ಮಾನವಾಯಿತು. ಹಿಂಬಾಗಿಲಿನಿಂದ ಬಂದವರಿಗೆ ಖಾಯಮಾತಿ ಕೇಳುವ ಹಕ್ಕಿಲ್ಲ ಎಂದು ಸಂವಿಧಾನ ಪೀಠ ಹೇಳಿತು. ಹತ್ತು ವರ್ಷ ಮೀರಿ ಮಂಜೂರಾದ ಹುದ್ದೆಯಲ್ಲಿ ದುಡಿದವರಿಗೆ ಒಂದು ಸಲದ ಅವಕಾಶ ಕೊಟ್ಟಿತ್ತು, ನಿಜ. ಆದರೆ ಇಲಾಖೆಗಳು ಆ ಭಾಗವನ್ನು ಮರೆತು ಮೊದಲ ಭಾಗವನ್ನು ಮಾತ್ರ ಬಾಯಿಪಾಠ ಮಾಡಿದವು. 2024ರ ಡಿಸೆಂಬರಿನಲ್ಲಿ ಜಗ್ಗೋ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಇದನ್ನು ಎತ್ತಿ ಆಡಿತು: ದಶಕಗಟ್ಟಲೆ ದುಡಿದವರನ್ನು ಹೊರಗೆ ಹಾಕಲು ಉಮಾದೇವಿ ತೀರ್ಪನ್ನು ಆಯುಧ ಮಾಡಿಕೊಳ್ಳಬೇಡಿ ಎಂದಿತು. ಅದೂ ಯಾರ ಮೊಕದ್ದಮೆ? ಕಚೇರಿ ಗುಡಿಸುವ, ತೋಟ ನೋಡಿಕೊಳ್ಳುವ ಕೆಲಸದವರದ್ದು.

ಅಂಗನವಾಡಿಯ ಟೀಚರಮ್ಮಂದಿರ ಕಥೆಯೂ ಇಂಥದ್ದೇ. ಅಮೀರ್‌ಬಿ ಎಂಬ ಹೆಸರಿನ ಪ್ರಕರಣ, ಅದೂ ಕರ್ನಾಟಕದ್ದೇ. ಅಂಗನವಾಡಿ ಕಾರ್ಯಕರ್ತೆ ಸರ್ಕಾರದ ಹುದ್ದೆಯಲ್ಲಿ ಇರುವವಳಲ್ಲ ಎಂದು 2006ರಲ್ಲಿ ತೀರ್ಪಾಯಿತು. ಗೌರವಧನ ಎಂಬ ಶಬ್ದದ ಹಿಂದೆ ಸಂಬಳ ಅಡಗಿ ಕೂತಿತು. ಹದಿನಾರು ವರ್ಷದ ಬಳಿಕ, 2022ರ ಏಪ್ರಿಲಿನಲ್ಲಿ, ಗುಜರಾತಿನ ಮಣಿಬೆನ್ ಪ್ರಕರಣದಲ್ಲಿ ನ್ಯಾಯಮೂರ್ತಿಗಳಾದ ಅಜಯ್ ರಸ್ತೋಗಿ ಮತ್ತು ಅಭಯ್ ಓಕಾ ಅಂಗನವಾಡಿಯವರಿಗೂ ಗ್ರಾಚ್ಯುಟಿ ಸಲ್ಲಬೇಕು ಎಂದರು. ಹೆಸರು ಗೌರವಧನವೆಂದಿದ್ದರೇನು, ಕೊಡುವುದು ಕೆಲಸಕ್ಕೆ ತಾನೆ? ಬೀಡಿಯ ‘ಮಾರಾಟ’ದಂತೆ ಇದೂ ಒಂದು ಲೇಬಲು. ಲೇಬಲನ್ನು ಕಿತ್ತು ನೋಡಲು ಮನಸ್ಸು ಮಾಡಿದ ದಿನ ನ್ಯಾಯಾಲಯ ಕಾರ್ಮಿಕರ ಕಡೆ ಬಂದಿದೆ. ಲೇಬಲನ್ನೇ ಓದಿ ಕೂತ ದಿನ ಬಂದಿಲ್ಲ. ಈ ಎಲ್ಲ ತೀರ್ಪುಗಳಿಂದ ನಾನು ಕಲಿತದ್ದು ಇಷ್ಟು.

ಈಗ ಹೊಸ ಲೇಬಲು ಬಂದಿದೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಾಗಿವೆ. 1966ರ ಬೀಡಿ ಕಾಯ್ದೆ ಅವುಗಳೊಳಗೆ ಕರಗಿದೆ, ಭವಿಷ್ಯನಿಧಿಯ ಕಾಯ್ದೆಯೂ ಸಾಮಾಜಿಕ ಭದ್ರತಾ ಸಂಹಿತೆಯ ಒಳಗೆ ಸೇರಿದೆ. ಆ ಸಂಹಿತೆಯಲ್ಲಿ ‘ಮನೆ ಆಧಾರಿತ ಕೆಲಸಗಾರ’ ಎಂಬ ಪದವೊಂದಿದೆ. ಅದನ್ನು ಅಸಂಘಟಿತ ಕಾರ್ಮಿಕರ ಸಾಲಿನಲ್ಲಿ ಇಟ್ಟಿದ್ದಾರೆ. ಅಸಂಘಟಿತರಿಗೆ ಸಿಗುವುದು ಯೋಜನೆ. ನೌಕರರಿಗೆ ಸಿಗುವುದು ಹಕ್ಕು. ಯೋಜನೆಯನ್ನು ಸರ್ಕಾರ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಹಕ್ಕು ಹಾಗಲ್ಲ, ಧಣಿಯ ಕೈಯಿಂದ ವಸೂಲು ಮಾಡಬಹುದು. ಬೀಡಿ ಕಟ್ಟುವವಳು ಇನ್ನು ಯಾವ ಸಾಲಿನಲ್ಲಿ? ಪಾಠಕ್ ಅವರ ತೀರ್ಪು ಅವಳನ್ನು ನೌಕರಳೆಂದು ಕರೆದದ್ದು ಹಳೆಯ ಕಾಯ್ದೆಯ ಮಾತುಗಳನ್ನು ಹಿಡಿದು. ಹೊಸ ಮಾತುಗಳನ್ನು ಹಿಡಿದು ಯಾವುದಾದರೂ ಕಂಪೆನಿ ಹಳೆಯ ರಾಗ ತೆಗೆದರೆ ನನಗೇನೂ ಆಶ್ಚರ್ಯವಿಲ್ಲ. ಆಗ ಪ್ರಶ್ನೆ ಮತ್ತೆ ನ್ಯಾಯಾಲಯದ ಮೆಟ್ಟಿಲು ಹತ್ತುತ್ತದೆ. ಈ ಸಲ ಹತ್ತುವಾಗ ನಮ್ಮ ಕೈಯಲ್ಲಿ ಮೂವತ್ತು ವರ್ಷದ ತೀರ್ಪುಗಳ ಕಟ್ಟು ಇದೆ ಎಂಬುದಷ್ಟೇ ಸಮಾಧಾನ.

ಸಮಯ ಮುಗಿಯುತ್ತ ಬಂತು. ಬೀಡಿ ಕಟ್ಟುತ್ತ ಕೇಳುತ್ತಿರುವ ಅಕ್ಕಂದಿರಿಗೆ, ಅಮ್ಮಂದಿರಿಗೆ ಒಂದೆರಡು ಮಾತು, ವಕೀಲನಾಗಿ. ನಿಮ್ಮ ಹೆಸರು, ಹುಟ್ಟಿದ ತಾರೀಕು ಪಿ.ಎಫ್. ದಾಖಲೆಯಲ್ಲಿಯೂ ಆಧಾರಿನಲ್ಲಿಯೂ ಒಂದೇ ಇದೆಯೇ ನೋಡಿ. ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ. ಬ್ರಾಂಚಿನಲ್ಲಿ ಬೀಡಿ ಕೊಟ್ಟ ದಿನ ಪುಸ್ತಕದಲ್ಲಿ ಎಷ್ಟು ಬರೆದರು ಎಂದು ಅಲ್ಲೇ ಕೇಳಿ, ಸಾಲು ಉದ್ದವಿದ್ದರೂ ಕೇಳಿ. ಸೊಸೆಗೆ, ಮಗಳಿಗೆ ಬೇರೆ ಪುಸ್ತಕ ಮಾಡಿಸಿ. ಲೆಕ್ಕ ತಪ್ಪಿದ್ದರೆ ಪುತ್ತೂರಿನ, ಸುಳ್ಯದ ನ್ಯಾಯಾಲಯದ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಹೆಂಗಸರಿಗೆ ಆದಾಯದ ಮಿತಿ ಇಲ್ಲದೆ ಅಲ್ಲಿ ವಕೀಲರು ಉಚಿತವಾಗಿ ಸಿಗುತ್ತಾರೆ. ಮತ್ತೆ, ಹಳೆಯ ಬೀಡಿ ಪುಸ್ತಕಗಳನ್ನು ದಯವಿಟ್ಟು ಒಲೆಗೆ ಹಾಕಬೇಡಿ. ಇಪ್ಪತ್ತು ವರ್ಷ ಹಿಂದಿನದ್ದಾದರೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅಟ್ಟದಲ್ಲಿಡಿ, ಮಳೆನೀರು ತಾಗದಂತೆ.